ಗೊರಿಲ್ಲಾ ನೋಡಲು ಬ್ವಿಂಡಿಗೆ: ಮಂಡಿನೋವಿರುವ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಸುಮಾ ಬೆಂಗಳೂರು
ಎಲ್ಲರಿಗೂ ನಮಸ್ಕಾರ. ಮುಂದಿನ ಜುಲೈನಲ್ಲಿ ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗಿ ಪರ್ವತ ಗೊರಿಲ್ಲಾಗಳನ್ನು ನೋಡಬೇಕು ಅಂತ ಮನೆಯಲ್ಲಿ ಮಾತಾಗಿದೆ. ನಾನು, ನನ್ನ ಗಂಡ, ನಮ್ಮಪ್ಪ, ಮೂವರು. ಈ ಆಸೆ ನಿಜಕ್ಕೂ ಅಪ್ಪನದ್ದು. ಅವರಿಗೆ 64. ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುತ್ತಾರೆ, ಬಿಪಿ ಹತೋಟಿಯಲ್ಲಿದೆ. ತೊಂದರೆ ಇರುವುದು ಎಡ ಮಂಡಿಯದ್ದು. ಹತ್ತುವಾಗ ಏನೂ ಅನ್ನಿಸುವುದಿಲ್ಲ, ಇಳಿಯುವಾಗ ನೋವು.

ಕೇಳಬೇಕಾದ್ದು ಇಷ್ಟು: ಅಪ್ಪನ ಕೈಲಿ ಆಗುತ್ತಾ? ಉಗಾಂಡಾ ಒಳ್ಳೆಯದಾ, ರುವಾಂಡಾನಾ? ಈಗಿನಿಂದಲೇ ಏನು ತಯಾರಿ ಮಾಡಬೇಕು? ಟೂರ್ ಏಜೆನ್ಸಿಯವರನ್ನು ಕೇಳಿದರೆ ಎಲ್ಲದಕ್ಕೂ "ನೋ ಪ್ರಾಬ್ಲಂ ಮೇಡಂ" ಅನ್ನುತ್ತಾರೆ. ಹೋಗಿ ಬಂದವರ ಬಾಯಿಂದ ಕೇಳಬೇಕು.

ಕುದುರೆಮುಖ ಕಿರಣ
ಆಗುತ್ತೆ ಮೇಡಂ, ಆದರೆ ಲಾಲ್‌ಬಾಗ್ ವಾಕಿಂಗ್ ಸಾಲದು. ಅದು ಸಮತಟ್ಟು ನೆಲ. ಬ್ವಿಂಡಿಯಲ್ಲಿ ದಾರಿ ಅನ್ನುವುದೇ ಇರುವುದಿಲ್ಲ. ಮುಂದೆ ಒಬ್ಬ ಮಚ್ಚಿನಲ್ಲಿ ಬಳ್ಳಿ ಕಡಿಯುತ್ತಾ ಹೋಗುತ್ತಾನೆ, ನೀವು ಅವನ ಹಿಂದೆ. ಕಾಲ ಕೆಳಗೆ ಮಣ್ಣಲ್ಲ, ಒಂದರ ಮೇಲೊಂದು ಬಿದ್ದ ಬಳ್ಳಿ, ಒದ್ದೆ ಎಲೆ. ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಲಿ. ತಿಂಗಳಿಗೊಮ್ಮೆ ಸ್ಕಂದಗಿರಿ ಅಥವಾ ಸಾವನದುರ್ಗ. ಇಳಿಯುವುದನ್ನೇ ಅಭ್ಯಾಸ ಮಾಡಿಸಿ, ಹತ್ತುವುದು ತಾನಾಗಿ ಬರುತ್ತೆ. ಕುಮಾರ ಪರ್ವತ ಹತ್ತಿದವರಿಗೆ ಇದೇನೂ ದೊಡ್ಡದಲ್ಲ.

ಹಾಸನದ ಹುಡುಗ
ಮೈಸೂರು ಝೂನಲ್ಲೇ ಗೊರಿಲ್ಲಾ ಇದೆಯಲ್ಲ! ಮೂರು ಗಂಟೆ ಪ್ರಯಾಣ, ಮಂಡಿಗೂ ಕ್ಷೇಮ.

ಜೇನುಗೂಡು
@ಹಾಸನದ ಹುಡುಗ ಅವು ಬೇರೆ. ಮೈಸೂರಿಗೆ 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ, ಡೆಂಬಾ ಎರಡೂ ಪಶ್ಚಿಮ ಆಫ್ರಿಕಾದ ತಗ್ಗುಪ್ರದೇಶದ ಗೊರಿಲ್ಲಾಗಳು. ಅದಕ್ಕೂ ಮುಂಚೆ ಇದ್ದ ಪೋಲೋನೂ ಅದೇ ಜಾತಿ. ಪರ್ವತ ಗೊರಿಲ್ಲಾಗಳು ಯಾವ ಝೂನಲ್ಲೂ ಇಲ್ಲ. ಇಡೀ ಭೂಮಿಯಲ್ಲಿ ಇರುವುದೇ ಎರಡು ಕಡೆ. ಒಂದು ಬ್ವಿಂಡಿ ಕಾಡು, ಅದಕ್ಕೆ ಅಂಟಿಕೊಂಡ ಕಾಂಗೋದ ಸಾರಂಬ್ವೆ ಸೇರಿಸಿ. ಇನ್ನೊಂದು ವಿರುಂಗಾ ಜ್ವಾಲಾಮುಖಿ ಸಾಲು, ಅದು ರುವಾಂಡಾ, ಉಗಾಂಡಾ, ಕಾಂಗೋ ಮೂರೂ ದೇಶಕ್ಕೆ ಹಂಚಿಕೊಂಡಿದೆ. ಕಳೆದ ಗಣತಿಗಳ ಪ್ರಕಾರ ಬ್ವಿಂಡಿ ಕಡೆ 459, ವಿರುಂಗಾದಲ್ಲಿ 604. ಒಟ್ಟು 1,063. ನಮ್ಮ ಒಂದು ಹೈಸ್ಕೂಲಿನ ಮಕ್ಕಳಷ್ಟು.

ಹಾಸನದ ಹುಡುಗ
ಓ, ಅಷ್ಟೇನಾ? ಇದು ಗೊತ್ತಿರಲಿಲ್ಲ.

ಕಂಪಾಲಾ ಕನ್ನಡಿಗ
ನಾನು ಕೆಲಸದ ಮೇಲೆ ಕಂಪಾಲಾದಲ್ಲಿದ್ದೇನೆ. ಊರಿಂದ ಬಂದ ನೆಂಟರನ್ನು ಬ್ವಿಂಡಿಗೆ ಕಳಿಸುವುದು, ಕೆಲವೊಮ್ಮೆ ಜೊತೆಗೆ ಹೋಗುವುದು ಅಭ್ಯಾಸವಾಗಿದೆ. ಸುಮಾ ಅವರೇ, ಒಂದೊಂದಾಗಿ ಹೇಳುತ್ತೇನೆ.

ಪರ್ಮಿಟ್: ವಿದೇಶಿಯರಿಗೆ ಉಗಾಂಡಾದಲ್ಲಿ 800 ಡಾಲರ್, 2024ರ ಜುಲೈನಿಂದ ಈ ದರ. ರುವಾಂಡಾದಲ್ಲಿ 2017ರಿಂದ 1,500 ಡಾಲರ್. ತಲೆಗೆ, ಒಂದು ಸಲಕ್ಕೆ, ಗೊರಿಲ್ಲಾ ಮುಂದೆ ಒಂದೇ ಗಂಟೆ. ಮೂವರಿಗೆ ಲೆಕ್ಕ ಹಾಕಿದರೆ ಎರಡು ದೇಶಕ್ಕೂ ನಡುವೆ 2,100 ಡಾಲರ್ ವ್ಯತ್ಯಾಸ. ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ, ಅದಕ್ಕೇ ಜುಲೈ ಪರ್ಮಿಟ್ ಬೇಗ ಖಾಲಿಯಾಗುತ್ತವೆ. ಮೊದಲು ಪರ್ಮಿಟ್, ಆಮೇಲೆ ವಿಮಾನದ ಟಿಕೆಟ್. ಈ ಕ್ರಮ ತಪ್ಪಿಸಬೇಡಿ.

ಸೆಕ್ಟರ್: ಇದನ್ನು ಗಮನಿಸಿ, ಜಾಸ್ತಿ ಜನ ಎಡವುವುದು ಇಲ್ಲೇ. ಬ್ವಿಂಡಿಗೆ ನಾಲ್ಕು ಬಾಗಿಲು: ಬುಹೋಮಾ, ರುಹಿಜಾ, ರುಶಾಗಾ, ಎನ್ಕುರಿಂಗೊ. ಪರ್ಮಿಟ್ ಯಾವ ಸೆಕ್ಟರಿಗೆ ಇದೆಯೋ ಅಲ್ಲೇ ಲಾಡ್ಜ್ ಇರಬೇಕು. ನಕ್ಷೆಯಲ್ಲಿ ಪಕ್ಕಪಕ್ಕ ಕಂಡರೂ ಬುಹೋಮಾದಿಂದ ರುಶಾಗಾಕ್ಕೆ ಬೆಟ್ಟ ಸುತ್ತಿಕೊಂಡು ಹೋಗಲು ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ಎಂಟರೊಳಗೆ ಬ್ರೀಫಿಂಗಿಗೆ ಹಾಜರಿರಬೇಕು. ನಮ್ಮ ಪರಿಚಯದವರಿಗೆ ಒಂದು ಟೂರ್ ಕಂಪನಿ ರುಶಾಗಾ ಪರ್ಮಿಟ್ ಕೊಟ್ಟು ಬುಹೋಮಾದಲ್ಲಿ ರೂಮ್ ಮಾಡಿತ್ತು. ರಾತ್ರಿ ಎರಡೂವರೆಗೆ ಎದ್ದು ಹೊರಟರು ಪಾಪ.

ಅಪ್ಪನ ಮಂಡಿ: ಬ್ರೀಫಿಂಗ್ ಜಾಗದಲ್ಲಿ ಗುಂಪು ಹಂಚುವ ಮೊದಲೇ ರೇಂಜರ್‌ಗೆ ಮಂಡಿನೋವು ಇದೆ ಅಂತ ನೇರವಾಗಿ ಹೇಳಿ. ಮುಚ್ಚಿಡಬೇಡಿ. ಯಾವ ಗೊರಿಲ್ಲಾ ಗುಂಪು ಹತ್ತಿರ ಇದೆ ಅನ್ನುವುದು ಅವರಿಗೆ ಅಂದಾಜಿರುತ್ತದೆ. ಆದಷ್ಟು ಹತ್ತಿರದ್ದಕ್ಕೆ ಕಳಿಸುತ್ತಾರೆ. ಖಾತ್ರಿ ಅಂತೂ ಇಲ್ಲ, ಗೊರಿಲ್ಲಾ ಎದ್ದು ನಡೆದರೆ ನಾವೂ ನಡೆಯಬೇಕು. ಒಂದು ಗಂಟೆಯಲ್ಲಿ ಸಿಗಬಹುದು, ಆರು ಗಂಟೆ ಆಗಲೂಬಹುದು.

ಪೋರ್ಟರ್: ಮೂವರಿಗೂ ಒಬ್ಬೊಬ್ಬ. ಇದರಲ್ಲಿ ಚೌಕಾಸಿ ಬೇಡ.

ಕುದುರೆಮುಖ ಕಿರಣ
ಪೋರ್ಟರ್ ಅಪ್ಪನಿಗೆ ಸರಿ. ಉಳಿದ ಇಬ್ಬರಿಗೆ ಯಾಕೆ? ಎರಡು ಬಾಟಲ್ ನೀರು, ರೇನ್ ಕೋಟ್, ಬುತ್ತಿ, ಕ್ಯಾಮೆರಾ. ಆರು ಕೆಜಿ ಇಲ್ಲ. ಅವರವರ ಚೀಲ ಅವರವರೇ ಹೊರಬೇಕು ಅನ್ನುವುದು ಚಾರಣದ ಮೊದಲ ಪಾಠ.

ಕಂಪಾಲಾ ಕನ್ನಡಿಗ
@ಕಿರಣ ಚೀಲ ಹೊರುವುದು ಅವರ ಕೆಲಸದಲ್ಲಿ ಅರ್ಧ ಮಾತ್ರ. ಜಾರುವ ಇಳಿಜಾರಿನಲ್ಲಿ ಅವರು ಕೆಳಗೆ ಕಾಲೂರಿ ನಿಂತು ಕೈ ಹಿಡಿಯುತ್ತಾರೆ. ಹತ್ತುವಾಗ ಹಿಂದಿನಿಂದ ಬೆನ್ನಿಗೆ ಕೈ ಕೊಡುತ್ತಾರೆ. ಎಲ್ಲಿ ಬಳ್ಳಿ ಟೊಳ್ಳು, ಎಲ್ಲಿ ಗಟ್ಟಿ ಅಂತ ಅವರಿಗೆ ಗೊತ್ತು. ಕೊಡುವುದು ಸುಮಾರು 20 ಡಾಲರ್. 800 ಕೊಟ್ಟು ಬಂದವರು ಈ 20 ಉಳಿಸಿ ಏನು ಮಾಡುತ್ತೀರಿ?

ಇನ್ನೊಂದು. ಈ ಪೋರ್ಟರ್‌ಗಳು ಕಾಡಂಚಿನ ಹಳ್ಳಿಯವರು. ಸರದಿ ಪ್ರಕಾರ ಕೆಲಸ, ಎಲ್ಲರಿಗೂ ದಿನಾ ಸಿಗುವುದಿಲ್ಲ. ಕೆಲವರು ಮೊದಲು ಉರುಳು ಹಾಕಿ ಬೇಟೆ ಆಡುತ್ತಿದ್ದವರು. ಆ ಉರುಳು ಜಿಂಕೆಗೆ, ಕಾಡುಹಂದಿಗೆ ಅಂತ ಹಾಕಿದ್ದು, ಆದರೆ ಗೊರಿಲ್ಲಾ ಮರಿಯ ಕೈ ಸಿಕ್ಕಿಕೊಳ್ಳುತ್ತಿತ್ತು. ಗೊರಿಲ್ಲಾ ಬದುಕಿದ್ದರೆ ನಮಗೂ ಕೂಲಿ ಅನ್ನುವುದು ಊರಿಗೆ ಅರ್ಥವಾಗಿದ್ದಕ್ಕೇ ಇವತ್ತು ಸಂಖ್ಯೆ ಏರಿದೆ.

ಶಿರಸಿ ಭಟ್ರು
ನನ್ನ ಓಟು ಕಂಪಾಲಾದವರಿಗೆ. ಹೆಂಡತಿಗೆ, ನನಗೆ ಇಬ್ಬರಿಗೂ ಪೋರ್ಟರ್ ಹಿಡಿದಿದ್ದೆವು. ಗಟ್ಟಿ ಕಾಲಿನವನು ನಾನು, ತೋಟದ ಕೆಲಸ ಮಾಡಿದವನು. ಆದರೂ ಅವನ ಕೈ ಬೇಕಾಯಿತು.

ಕುದುರೆಮುಖ ಕಿರಣ
ಊರಿನವರಿಗೆ ಕೂಲಿ ಸಿಗಲಿ ಅನ್ನುವ ಮಾತು ಒಪ್ಪುತ್ತೇನೆ. ಆದರೆ ಪೋರ್ಟರ್ ಇದ್ದಾನೆ ಅಂತ ತಯಾರಿ ಬಿಡಬೇಡಿ. ಒಬ್ಬರು ದಣಿದು ಕೂತರೆ ಇಡೀ ಗುಂಪು ನಿಲ್ಲಬೇಕಾಗುತ್ತದೆ.

ನಿವೃತ್ತ ಮೇಷ್ಟ್ರು
ನನಗೆ 68. ರುವಾಂಡಾ ಕಡೆ ಹೋಗಿದ್ದೆ, ಮಗ ಕರೆದುಕೊಂಡು ಹೋಗಿದ್ದ. ಸುಮಾ ಅವರ ತಂದೆಗೆ ಧೈರ್ಯ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ರಾಜಧಾನಿ ಕಿಗಾಲಿಯಿಂದ ಕಾಡಿನ ಹತ್ತಿರದ ಮುಸಾಂಜೆ ಊರಿಗೆ ಎರಡೂವರೆ ಗಂಟೆ, ರಸ್ತೆ ನುಣ್ಣಗಿದೆ. ಬೆಳಿಗ್ಗೆ ಏಳಕ್ಕೆ ಕಿನಿಗಿಯ ಪಾರ್ಕ್ ಕಚೇರಿಯಲ್ಲಿ ಸೇರಿದೆವು. ವಯಸ್ಸು ನೋಡಿ ಸುಲಭದ ಗುಂಪು ಕೊಟ್ಟರು. ಮೊದಲು ಆಲೂಗಡ್ಡೆ ಹೊಲ, ಆಮೇಲೆ ಕಾಡಿನ ಅಂಚಿಗೆ ಕಲ್ಲಿನ ಗೋಡೆ, ಅದನ್ನು ದಾಟಿದರೆ ಬಿದಿರು. ನಮ್ಮ ಮುಂದೆ ಬೆಳಗಿನ ಜಾವವೇ ಟ್ರ್ಯಾಕರ್‌ಗಳು ಹೋಗಿರುತ್ತಾರೆ. ಗೊರಿಲ್ಲಾ ಪ್ರತಿ ರಾತ್ರಿ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ, ಎಲೆ ಕೊಂಬೆ ಬಗ್ಗಿಸಿ. ಟ್ರ್ಯಾಕರ್ ನಿನ್ನೆಯ ಜಾಗದಿಂದ ಹೊರಟು, ರಾತ್ರಿಯ ಹಾಸಿಗೆ ಹುಡುಕಿ, ಅಲ್ಲಿಂದ ಮುರಿದ ಗಿಡ, ಹಸಿ ಲದ್ದಿ ನೋಡುತ್ತಾ ಹಿಂಬಾಲಿಸಿ, ವಾಕಿಟಾಕಿಯಲ್ಲಿ ಗೈಡಿಗೆ ತಿಳಿಸುತ್ತಾನೆ.

ಹತ್ತಿರ ಬಂದಾಗ ಚೀಲ, ಕೋಲು ಎಲ್ಲಾ ಅಲ್ಲೇ ಇಡಿಸಿದರು. ಮಾಸ್ಕ್ ಹಾಕಿಸಿದರು. ಗೈಡ್ ಗಂಟಲು ಸರಿಮಾಡಿಕೊಂಡಂತೆ "ಮ್ಮ್‌ಹ್ಮ್" ಅಂದ. ಪೊದೆಯ ಒಳಗಿಂದ ಅದೇ ಸದ್ದು ವಾಪಸ್ ಬಂತು, ಇವನಿಗಿಂತ ದಪ್ಪ ದನಿ. "ನಾವು ಬಂದಿದ್ದೇವೆ, ತೊಂದರೆ ಇಲ್ಲ" ಅನ್ನುವ ಸದ್ದು ಅದು. ಆಮೇಲೆ ಕಂಡಿತು ಬೆಳ್ಳಿ ಬೆನ್ನಿನ ಗಂಡು. ಕಾಡು ಸೆಲರಿಯ ದಂಟು ಕಿತ್ತು, ಹಲ್ಲಿನಲ್ಲಿ ಸಿಪ್ಪೆ ಸುಲಿದು, ಒಳಗಿನ ತಿರುಳು ಮಾತ್ರ ತಿನ್ನುತ್ತಿತ್ತು. ಉಗುರು ನಮ್ಮದರ ಹಾಗೇ, ಸಂದಿಯಲ್ಲಿ ಮಣ್ಣು. ನಮ್ಮ ಕಡೆ ಒಮ್ಮೆ ನೋಡಿ ಮತ್ತೆ ದಂಟಿಗೆ ಕೈ ಹಾಕಿತು.

ಈ ವಯಸ್ಸಿನಲ್ಲಿ ಇಂಥದ್ದು ನೋಡಲು ಸಿಕ್ಕಿತಲ್ಲ ಅಂತ ನನಗೆ ಕಣ್ಣು ತುಂಬಿತು. ಕರೆದುಕೊಂಡು ಹೋಗಮ್ಮ ನಿಮ್ಮ ತಂದೆಯನ್ನು.

ಸುಮಾ ಬೆಂಗಳೂರು
ಮೇಷ್ಟ್ರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ತುಂಬಾ ಥ್ಯಾಂಕ್ಸ್.

ಊರ ಡಾಕ್ಟರ್
ಎಲ್ಲರೂ ಮಂಡಿ ಬಗ್ಗೆ ಮಾತಾಡುತ್ತಿದ್ದೀರಿ. ಅದಕ್ಕಿಂತ ಮೊದಲು ಯೆಲ್ಲೋ ಫೀವರ್ ಲಸಿಕೆ. ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಹಳದಿ ಕಾರ್ಡ್ ಉಗಾಂಡಾಕ್ಕೆ ಒಳಗೆ ಹೋಗಲೂ ಬೇಕು, ವಾಪಸ್ ಭಾರತಕ್ಕೆ ಬರುವಾಗಲೂ ಬೇಕು. ಇಲ್ಲದಿದ್ದರೆ ಇಲ್ಲಿ ಇಳಿದ ಮೇಲೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಕಾರ್ಡ್‌ಗೆ ಬೆಲೆ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಅಲ್ಲ.

ಈಗ ಮುಖ್ಯ ವಿಷಯ. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಚಿಕ್ಕವರಿಗಿಂತ ಹೆಚ್ಚು. ಅಪರೂಪವೇ, ಆದರೂ ನಿಮ್ಮ ತಂದೆಯ ಪೂರ್ತಿ ಆರೋಗ್ಯದ ಹಿನ್ನೆಲೆ ಗೊತ್ತಿರುವ ವೈದ್ಯರ ಜೊತೆ ಕೂತು ಮಾತಾಡಿ ನಿರ್ಧರಿಸಿ. ಮೊಟ್ಟೆಯ ತೀವ್ರ ಅಲರ್ಜಿ ಇದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಪರ್ಮಿಟ್‌ಗೆ ದುಡ್ಡು ಕಟ್ಟುವ ಮುಂಚೆ ಇದು ಇತ್ಯರ್ಥ ಆಗಲಿ.

ಮಲೇರಿಯಾ ಮಾತ್ರೆಯನ್ನೂ ಕೇಳಿ. ಬ್ವಿಂಡಿ ಎತ್ತರದಲ್ಲಿದೆ, ಸೊಳ್ಳೆ ಕಡಿಮೆ. ಆದರೆ ನೀವು ವಿಮಾನದಿಂದ ಇಳಿಯುವುದು ಎಂಟೆಬ್ಬೆಯಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ.

ಸುಮಾ ಬೆಂಗಳೂರು
60ರ ವಿಷಯ ಏಜೆನ್ಸಿಯವರು ಹೇಳಲೇ ಇಲ್ಲ ಡಾಕ್ಟ್ರೇ! ಈ ವಾರವೇ ಅಪ್ಪನ ಫಿಸಿಶಿಯನ್ ಹತ್ತಿರ ಹೋಗುತ್ತೇವೆ.

ಕ್ಯಾಮೆರಾ ಕಣ್ಣು
ಕ್ಯಾಮೆರಾ ಬಗ್ಗೆ: ಫ್ಲ್ಯಾಶ್ ನಿಷಿದ್ಧ. ಕಾಡಿನೊಳಗೆ ಕತ್ತಲು, ಗೊರಿಲ್ಲಾ ಕಪ್ಪು. 70-200 ಲೆನ್ಸ್ ಸಾಕು, ಐಎಸ್‌ಒ ಏರಿಸಲು ಹೆದರಬೇಡಿ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ, ಇಲ್ಲದಿದ್ದರೆ ಕ್ಯಾಮೆರಾ ಕಪ್ಪು ಕೂದಲನ್ನು ಬೂದು ಮಾಡಿ ತೋರಿಸುತ್ತದೆ. ದೊಡ್ಡ 600 ಲೆನ್ಸ್ ಹೊತ್ತು ಬಂದವರು ಪೊದೆಯಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಮಳೆ ಕವರ್ ಮರೆಯಬೇಡಿ.

ಹಾಸನದ ಹುಡುಗ
ಮೊಬೈಲ್ ಸಾಲದಾ?

ಕ್ಯಾಮೆರಾ ಕಣ್ಣು
ವಿಡಿಯೋಗೆ ಧಾರಾಳ. ಆದರೆ ಸೆಲ್ಫಿಗೆ ಅಂತ ಬೆನ್ನು ತಿರುಗಿಸಿ ಹಿಂದೆ ಹಿಂದೆ ಹೋಗುವವರಿದ್ದಾರೆ. ಹತ್ತು ಮೀಟರ್ ದೂರ ಬಿಡಬೇಕು ಅನ್ನುವುದು ನಿಯಮ.

ಬಳ್ಳಾರಿ ಬಿಸಿಲು
ಹತ್ತಲ್ಲ, ಏಳು ಮೀಟರ್.

ಜೇನುಗೂಡು
ಮೊದಲು ಏಳು ಇತ್ತು. ಕೋವಿಡ್ ನಂತರ ಹತ್ತು ಮಾಡಿದರು, ಮಾಸ್ಕ್ ಕಡ್ಡಾಯ ಮಾಡಿದರು. ಗೊರಿಲ್ಲಾ ತಾನಾಗಿ ಹತ್ತಿರ ಬಂದರೆ ಬೇರೆ ಮಾತು, ಆಗ ಗೈಡ್ ಹೇಳಿದಂತೆ ನಿಧಾನ ಹಿಂದೆ ಸರಿಯಬೇಕು. ಎದೆ ಬಡಿದುಕೊಂಡು ನುಗ್ಗಿ ಬಂದರೂ ಓಡಬಾರದು. ತಲೆ ತಗ್ಗಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಕುಕ್ಕರಗಾಲಲ್ಲಿ ಕೂರಬೇಕು.

ಈ ದೂರದ ನಿಯಮ ನಮ್ಮ ರಕ್ಷಣೆಗಿಂತ ಜಾಸ್ತಿ ಅವುಗಳ ರಕ್ಷಣೆಗೆ. ನಮ್ಮ ನೆಗಡಿ ಅವಕ್ಕೆ ಹರಡುತ್ತದೆ, ಸಾಯುತ್ತವೆ. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಬಂತು, ಕೂದಲು ಉದುರಿ ಒಂದು ಮರಿ ಸತ್ತಿತು. ಆಗ ಉಗಾಂಡಾ ವನ್ಯಜೀವಿ ಇಲಾಖೆಯ ಪಶುವೈದ್ಯೆ ಆಗಿದ್ದ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಇದು ಮನುಷ್ಯರಿಂದ ಬಂದದ್ದು ಅಂತ ಕಂಡುಕೊಂಡರು. ಊರಿನ ಜನ ಆರೋಗ್ಯವಾಗಿರದಿದ್ದರೆ ಗೊರಿಲ್ಲಾನೂ ಉಳಿಯುವುದಿಲ್ಲ ಅಂತ ಮುಂದೆ ಸಂಸ್ಥೆ ಕಟ್ಟಿ ಹಳ್ಳಿಗಳಲ್ಲಿ ಕೆಲಸ ಮಾಡಿದರು. 2009ರಲ್ಲಿ ರುವಾಂಡಾದ ಹಿರ್ವಾ ಗುಂಪಿಗೆ ಉಸಿರಾಟದ ಕಾಯಿಲೆ ಬಂದು ತಾಯಿಯೊಂದು, ಮರಿಯೊಂದು ಸತ್ತವು. ಅವುಗಳಲ್ಲಿ ಸಿಕ್ಕಿದ್ದು ಮನುಷ್ಯರ ವೈರಸ್.

ಅದಕ್ಕೇ ಹೇಳುವುದು, ತಯಾರಿ ಅಂದರೆ ಬರೀ ಕಾಲಿನದ್ದಲ್ಲ. ಹೊರಡುವ ಎರಡು ವಾರ ಮುಂಚಿನಿಂದ ಮದುವೆ, ಜಾತ್ರೆ, ಸಿನಿಮಾ ಹಾಲ್ ಬೇಡ. ವಿಮಾನದಲ್ಲಿ ಮಾಸ್ಕ್ ಹಾಕಿ. ಆ ದಿನ ಕೆಮ್ಮು, ಜ್ವರ, ಭೇದಿ ಏನೇ ಇದ್ದರೂ ಹೇಳಿ, ಹಿಂದೆ ಉಳಿಯಿರಿ.

ಬಳ್ಳಾರಿ ಬಿಸಿಲು
800 ಡಾಲರ್ ಅಂದರೆ ಸುಮಾರು 70,000 ರೂಪಾಯಿ. ಅಷ್ಟು ಕೊಟ್ಟು, ಸುಮ್ನೆ ಒಂದು ಸಣ್ಣ ನೆಗಡಿಗೆ ಯಾರು ಹಿಂದೆ ಉಳಿಯುತ್ತಾರೆ? ಮಾತ್ರೆ ನುಂಗಿ ಹೋಗುತ್ತಾರೆ. ಇದು ವಾಸ್ತವ.

ಜೇನುಗೂಡು
ವಾಸ್ತವ ಅಂತ ಒಪ್ಪಿಬಿಟ್ಟರೆ ಆಯಿತಾ? ಸಾವಿರ ಚಿಲ್ಲರೆ ಉಳಿದಿರುವ ಜೀವಕ್ಕೆ ನಮ್ಮ 70,000 ಯಾವ ಲೆಕ್ಕ? ಜ್ವರದ ಮಾತ್ರೆ ಜ್ವರ ಮುಚ್ಚುತ್ತದೆ, ವೈರಸ್ ಮುಚ್ಚುವುದಿಲ್ಲ. ಪ್ರಯಾಣದ ವಿಮೆ ಮಾಡಿಸುವಾಗ ಇದನ್ನೂ ಕೇಳಿ. ಒಂದೆರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ, ಪಾರ್ಕಿನವರ ಹತ್ತಿರ ದಿನ ಬದಲಿಸಲು ಆಗುತ್ತಾ ವಿಚಾರಿಸಿ. ಆದರೆ ಹುಷಾರಿಲ್ಲದೆ ಹೋಗಲೇಬೇಡಿ.

ಊರ ಡಾಕ್ಟರ್
ಜೇನುಗೂಡು ಹೇಳಿದ್ದು ನೂರಕ್ಕೆ ನೂರು ಸರಿ. ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡು ಹೋಗಿ.

ಶಿರಸಿ ಭಟ್ರು
ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಲೆನಾಡಿನವರಿಗೆ ಉಂಬಳ ಅಭ್ಯಾಸ. ಅಲ್ಲಿ ಚಿಂತೆ ಇರುವೆಯದ್ದು, ಸಫಾರಿ ಇರುವೆ. ಸಾಲಾಗಿ ಹೋಗುತ್ತಿರುತ್ತವೆ, ತುಳಿದರೆ ಪ್ಯಾಂಟಿನೊಳಗೆ ಹತ್ತಿ ಕಚ್ಚುತ್ತವೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಮೇಲೆ ಗೈಟರ್ (ಕಣಕಾಲಿಗೆ ಸುತ್ತುವ ಕವಚ) ಕಟ್ಟಿ. ಉಂಬಳದ ಸಾಕ್ಸ್ ಇದ್ದರೆ ಅದೇ ಆದೀತು. ಆಮೇಲೆ ತುರಚೆ ಗಿಡ, ಎಲ್ಲಾ ಕಡೆ. ಗೊರಿಲ್ಲಾ ಅದನ್ನೇ ಮಡಚಿ ಬಾಯಿಗೆ ಹಾಕಿಕೊಳ್ಳುತ್ತದೆ! ನಾವು ಜಾರಿದಾಗ ಕೈಗೆ ಸಿಗುವುದೂ ಅದೇ. ತೋಟಕ್ಕೆ ಹಾಕುವ ದಪ್ಪ ಗ್ಲೌಸ್ ಕೊಂಡೊಯ್ಯಿರಿ. ತುಂಬು ತೋಳಿನ ಅಂಗಿ. ಹೊಸ ಶೂ ಬೇಡ, ಮೊದಲೇ ಹಾಕಿ ಪಳಗಿಸಿದ್ದು ಇರಲಿ.

ಕಂಪಾಲಾ ಕನ್ನಡಿಗ
ಭಟ್ರ ಮಾತಿಗೆ ಸೇರಿಸಿ: ಮಿಲಿಟರಿ ಡಿಸೈನಿನ ಪ್ಯಾಂಟ್, ಟೋಪಿ, ಚೀಲ ಯಾವುದೂ ಬೇಡ. ಉಗಾಂಡಾದಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ನಮ್ಮ ಹುಡುಗರು ಟ್ರೆಕ್ಕಿಂಗ್ ಅಂದರೆ ಅದೇ ಹಾಕುತ್ತಾರಲ್ಲ, ಅದಕ್ಕೆ ಹೇಳಿದೆ. ರುವಾಂಡಾ ಮೂಲಕ ಬರುವುದಾದರೆ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಬೇಡ, 2008ರಿಂದ ನಿಷೇಧ ಇದೆ. ಡಾಲರ್ ನೋಟು ಹೊಸದು ತನ್ನಿ. 2009ಕ್ಕಿಂತ ಹಿಂದಿನದ್ದು, ಹರಿದದ್ದು, ಗೀಚಿದ್ದು ಯಾರೂ ಮುಟ್ಟುವುದಿಲ್ಲ.

ಅಕ್ಕಮ್ಮ ಅಡುಗೆಮನೆ
ನಾವು ಶುದ್ಧ ಸಸ್ಯಾಹಾರಿಗಳು, ಅಲ್ಲಿ ಊಟ ಹೇಗೆ?

ಕಂಪಾಲಾ ಕನ್ನಡಿಗ
ಅಕ್ಕ, ಚಿಂತೆ ಬೇಡ. ಮಟೋಕೆ ಅಂತ ಹಸಿ ಬಾಳೆಕಾಯಿ ಬೇಯಿಸಿ ಹಿಸುಕಿದ್ದು, ಅದಕ್ಕೆ ಶೇಂಗಾ ಗೊಜ್ಜು. ಹುರುಳಿಕಾಯಿ ಬೀಜದ ಸಾರು, ಅನ್ನ, ಎಲ್ಲಾ ಕಡೆ ಚಪಾತಿ. ರೈಲು ಹಾಕಲು ಬಂದ ಭಾರತೀಯರ ಕಾಲದಿಂದ ಚಪಾತಿ ಅಲ್ಲಿಯದ್ದೇ ಆಗಿಹೋಗಿದೆ. "ರೋಲೆಕ್ಸ್" ಅಂತ ರಸ್ತೆಬದಿ ಮಾರುತ್ತಾರೆ, ಅದರಲ್ಲಿ ಮೊಟ್ಟೆ ಸುತ್ತಿರುತ್ತಾರೆ, ಜೋಪಾನ. ಲಾಡ್ಜ್‌ಗೆ ಮೊದಲೇ ಹೇಳಿದರೆ ಬುತ್ತಿಯನ್ನೂ ಸಸ್ಯಾಹಾರವೇ ಕಟ್ಟಿಕೊಡುತ್ತಾರೆ.

ಅಕ್ಕಮ್ಮ ಅಡುಗೆಮನೆ
ಚಟ್ನಿಪುಡಿ ಒಯ್ದರೆ ಆಯಿತು ಬಿಡಿ.

ನಾಗರಹೊಳೆ ನೆನಪು
ಎಲ್ಲಾ ಸರಿ, ಒಂದು ಮಾತು. ಬ್ವಿಂಡಿಯನ್ನು 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಅಲ್ಲಿದ್ದ ಬಟ್ವಾ ಜನರನ್ನು ಹೊರಗೆ ಹಾಕಿದರು. ತಲೆತಲಾಂತರದಿಂದ ಜೇನು, ಗೆಡ್ಡೆ, ಬೇಟೆ ಅಂತ ಅದೇ ಕಾಡಿನಲ್ಲಿ ಬದುಕಿದವರು. ಭೂಮಿ ಸಿಗಲಿಲ್ಲ, ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಾ ಉಳಿದರು. ನಮ್ಮ ಜೇನು ಕುರುಬರ ಕಥೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ಗೊರಿಲ್ಲಾ ನೋಡಿ ಸಂತೋಷಪಡುವವರು ಇದನ್ನೂ ತಿಳಿದಿರಬೇಕು.

ಕ್ಯಾಮೆರಾ ಕಣ್ಣು
ನಿಜ. ಆದರೆ ಪಾರ್ಕ್ ಮಾಡದಿದ್ದರೆ ಆ ಕಾಡೇ ಇರುತ್ತಿರಲಿಲ್ಲ. ಅಂಚಿನವರೆಗೂ ಹೊಲ ಬಂದುಬಿಟ್ಟಿದೆ, ಹೋದವರಿಗೆ ಗೊತ್ತು.

ನಾಗರಹೊಳೆ ನೆನಪು
ಕಾಡು ಕಡಿದು ಹೊಲ ಮಾಡಿದವರು ಬಟ್ವಾಗಳಲ್ಲ. ಪಾರ್ಕ್ ಬೇಡ ಅಂತ ನಾನು ಹೇಳಲಿಲ್ಲ, ಅವರನ್ನು ಬೀದಿಪಾಲು ಮಾಡದೆಯೂ ಪಾರ್ಕ್ ಮಾಡಬಹುದಿತ್ತು ಅಂದೆ.

ಕಂಪಾಲಾ ಕನ್ನಡಿಗ
ಇಬ್ಬರ ಮಾತಲ್ಲೂ ಸತ್ಯ ಇದೆ. ಪ್ರತಿ ಗೊರಿಲ್ಲಾ ಪರ್ಮಿಟ್‌ನಿಂದ ಸ್ವಲ್ಪ ಹಣ ಸುತ್ತಲಿನ ಊರುಗಳಿಗೆ ಹೋಗುತ್ತದೆ, ಆದರೆ ಬಟ್ವಾಗಳ ತನಕ ತಲುಪುವುದು ಕಡಿಮೆ. ಬುಹೋಮಾದಲ್ಲಿ ಬಟ್ವಾ ಹಿರಿಯರೇ ಕಾಡಂಚಿನಲ್ಲಿ ನಡೆಸಿಕೊಂಡು ಹೋಗಿ ತಮ್ಮ ಬದುಕು ತೋರಿಸುವ ಕಾರ್ಯಕ್ರಮ ಇದೆ. ಹೋದರೆ, ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಕೇಳಿಯೇ ಹೋಗಿ. 2020ರಲ್ಲಿ ಕೋವಿಡ್ ಬಂದು ಪ್ರವಾಸಿಗರು ನಿಂತಾಗ ಎನ್ಕುರಿಂಗೊ ಗುಂಪಿನ ಮುಖ್ಯ ಗಂಡು ರಫೀಕಿಯನ್ನು ಬೇಟೆಗಾರರು ಈಟಿಯಿಂದ ಕೊಂದರು. ಒಬ್ಬನಿಗೆ 11 ವರ್ಷ ಶಿಕ್ಷೆ ಆಯಿತು. ಊರಿನ ಹೊಟ್ಟೆಗೂ ಗೊರಿಲ್ಲಾ ಪ್ರಾಣಕ್ಕೂ ನಂಟು ಇಷ್ಟು ಹತ್ತಿರದ್ದು.

ಸುಮಾ ಬೆಂಗಳೂರು
ಬಟ್ವಾ ವಿಷಯ ತಿಳಿಸಿದ್ದಕ್ಕೆ ಧನ್ಯವಾದ, ಒಂದು ದಿನ ಜಾಸ್ತಿ ಇಟ್ಟುಕೊಳ್ಳುತ್ತೇವೆ. ಇನ್ನೊಂದು ಪ್ರಶ್ನೆ. ಅಪ್ಪನಿಗೆ ಅರ್ಧ ದಾರಿಯಲ್ಲಿ ಆಗದೇ ಹೋದರೆ?

ಶಿರಸಿ ಭಟ್ರು
ಶಬರಿಮಲೆಯಲ್ಲಿ ಡೋಲಿ ಇರುತ್ತಲ್ಲ, ಅಂಥದ್ದೇ ಅಲ್ಲೂ ಇದೆ. ಅವರು ತಮಾಷೆಗೆ "ಹೆಲಿಕಾಪ್ಟರ್" ಅನ್ನುತ್ತಾರೆ. ಊರಿನ ಗಂಡಸರು ಸರದಿ ಬದಲಿಸುತ್ತಾ ಹೊರುತ್ತಾರೆ. ದುಬಾರಿ, ಕೆಲವು ನೂರು ಡಾಲರ್.

ಕುದುರೆಮುಖ ಕಿರಣ
ಮನುಷ್ಯರ ಹೆಗಲ ಮೇಲೆ ಕೂತು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ನಿವೃತ್ತ ಮೇಷ್ಟ್ರು
ಕಿರಣ, ನಿಮ್ಮ ಮಂಡಿ ಗಟ್ಟಿ ಇದೆಯಪ್ಪ. ನಮ್ಮ ಗುಂಪಿನಲ್ಲಿ ಗಾಲಿಕುರ್ಚಿಯ ಹೆಣ್ಣುಮಗಳೊಬ್ಬಳು ಹಾಗೆ ಬಂದು ನೋಡಿದಳು. ಹೊತ್ತವರು ಒಳ್ಳೆಯ ಕೂಲಿ ಸಿಕ್ಕಿತು ಅಂತ ಖುಷಿಯಲ್ಲಿದ್ದರು.

ಕಂಪಾಲಾ ಕನ್ನಡಿಗ
ಸುಮಾ ಅವರೇ, ಡೋಲಿ ಬೇಕಾಗಬಹುದು ಅನ್ನಿಸಿದರೆ ಬೆಳಿಗ್ಗೆ ಬ್ರೀಫಿಂಗಿನಲ್ಲೇ ಹೇಳಿ, ಹೊರುವವರನ್ನು ಸೇರಿಸಲು ಸಮಯ ಬೇಕು. ಮಧ್ಯದಲ್ಲಿ ಆಗದೇ ಹೋದರೂ ರೇಡಿಯೋದಲ್ಲಿ ಕರೆಸುತ್ತಾರೆ.

ಎಂಟೆಬ್ಬೆಯಿಂದ ಬ್ವಿಂಡಿಗೆ ರಸ್ತೆಯಲ್ಲಿ ಎಂಟರಿಂದ ಹತ್ತು ಗಂಟೆ. ಅಷ್ಟು ಹೊತ್ತು ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ. ಎರಡು ದಾರಿ: ಸಣ್ಣ ವಿಮಾನದಲ್ಲಿ ಕಿಸೋರೊ ಅಥವಾ ಕಿಹಿಹಿ. ಇಲ್ಲವೇ ಕಿಗಾಲಿಗೆ ಇಳಿದು ಗಡಿ ದಾಟಿ ರುಶಾಗಾಕ್ಕೆ ಬನ್ನಿ, ಸುಮಾರು ನಾಲ್ಕು ಗಂಟೆ. ರುವಾಂಡಾ ರಸ್ತೆ, ಉಗಾಂಡಾ ಪರ್ಮಿಟ್ ದರ. ಹೀಗೆ ಬರುವವರು 100 ಡಾಲರಿನ ಪೂರ್ವ ಆಫ್ರಿಕಾ ವೀಸಾ ನೋಡಿ, ಉಗಾಂಡಾ, ರುವಾಂಡಾ, ಕೀನ್ಯಾ ಮೂರಕ್ಕೂ ಅದೇ ನಡೆಯುತ್ತದೆ. ಮೊದಲು ಯಾವ ದೇಶಕ್ಕೆ ಕಾಲಿಡುತ್ತೀರೋ ಆ ದೇಶದಿಂದಲೇ ತೆಗೆದುಕೊಳ್ಳಬೇಕು.

ಬಳ್ಳಾರಿ ಬಿಸಿಲು
ಕಾಂಗೋ ಕಡೆ ಪರ್ಮಿಟ್ ಇನ್ನೂ ಅಗ್ಗ ಅಂತಾರಲ್ಲ?

ಕಂಪಾಲಾ ಕನ್ನಡಿಗ
ಅಗ್ಗ ಹೌದು, ಆದರೆ ಅಲ್ಲಿನ ಗೋಮಾ ನಗರದ ಸುತ್ತ ಯುದ್ಧ. ಈಗ ಆ ಯೋಚನೆಯೇ ಬೇಡ.

ಸುಮಾ ಬೆಂಗಳೂರು
ಹಾಗಾದರೆ ಕಿಗಾಲಿಗೆ ಇಳಿದು ರುಶಾಗಾ, ಮೂರು ಪೋರ್ಟರ್. ಮೊದಲು ಡಾಕ್ಟರ್, ಆಮೇಲೆ ಪರ್ಮಿಟ್. ಅಪ್ಪ ಇವತ್ತಿಂದಲೇ ಲಿಫ್ಟ್ ಬಿಟ್ಟು ಮೆಟ್ಟಿಲು ಶುರು ಮಾಡಿದ್ದಾರೆ.

ಕುದುರೆಮುಖ ಕಿರಣ
ಒಳ್ಳೇದು. ಇಳಿಯುವಾಗ ಕೋಲು ಹಿಡಿದೇ ಇಳಿಯಲಿ, ನೋವಿರುವ ಕಾಲು ಮೊದಲು ಕೆಳಗೆ. ಮೊದಲ ವಾರ ಎರಡು ಮಹಡಿ ಸಾಕು, ಹುಮ್ಮಸ್ಸಿನಲ್ಲಿ ಜಾಸ್ತಿ ಮಾಡಿಸಬೇಡಿ.

ಮಂಗಳೂರು ಮೀನಾ
ತಡವಾಗಿ ಬಂದೆ. ನನ್ನ ಮಗನಿಗೆ 13, ಅವನನ್ನೂ ಕರೆದುಕೊಂಡು ಹೋಗಬಹುದಾ?

ಜೇನುಗೂಡು
ಆಗುವುದಿಲ್ಲ ಮೀನಾ ಅವರೇ. ಎರಡೂ ದೇಶಗಳಲ್ಲಿ 15 ತುಂಬಿರಬೇಕು, ಪಾಸ್‌ಪೋರ್ಟ್ ನೋಡುತ್ತಾರೆ. ಇನ್ನೆರಡು ವರ್ಷ ಬಿಟ್ಟು ಹೋಗಿ.